ಮಹದೇವಪುರದ ಮತ: ಬೆಂಗಳೂರಿನ ಹೊರವಲಯ ಯಾವಾಗ ಯಾರ ಕಡೆ ವಾಲುತ್ತದೆ, ಏಕೆ

2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರ ಕ್ಷೇತ್ರದಿಂದ ಬಿಜೆಪಿಯ ಪಿ.ಸಿ. ಮೋಹನ್ ಗೆದ್ದದ್ದು 32,707 ಮತಗಳ ಅಂತರದಿಂದ. ಆ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಭಾಗಗಳಿವೆ. ಅವುಗಳಲ್ಲಿ ಮಹದೇವಪುರ ಒಂದೇ ಅವರಿಗೆ 1,14,046 ಮತಗಳ ಮುನ್ನಡೆ ಕೊಟ್ಟಿತು. ಉಳಿದ ಏಳನ್ನೂ ಒಟ್ಟು ಹಾಕಿ ನೋಡಿದರೆ ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಸುಮಾರು 81 ಸಾವಿರ ಮತ ಮುಂದಿದ್ದರು. ಸಂಸದರು ಯಾರಾಗಬೇಕು ಎಂಬುದನ್ನು ನಗರದ ಪೂರ್ವ ಅಂಚಿನ ಒಂದೇ ವಿಧಾನಸಭಾ ಕ್ಷೇತ್ರ ತೀರ್ಮಾನಿಸಿತು.

ಇದನ್ನು ನೋಡಿ "ಐಟಿ ಮಂದಿಯ ಜಾಗ, ಬಿಜೆಪಿಯ ಕೋಟೆ" ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಬಹಳ. ಆದರೆ ಇದೇ ಮಹದೇವಪುರದಲ್ಲಿ, ಅದಕ್ಕೂ ಒಂದು ವರ್ಷ ಮೊದಲು ನಡೆದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 1,37,230 ಮತ ಬಿದ್ದಿತ್ತು. ಲೋಕಸಭೆಗೆ ಬಂದಾಗ ಅದು 1,15,586ಕ್ಕೆ ಇಳಿಯಿತು. ಬಿಜೆಪಿ ಮತ 1,81,731ರಿಂದ 2,29,632ಕ್ಕೆ ಏರಿತು. ಹನ್ನೆರಡು ತಿಂಗಳಲ್ಲಿ ಊರು ಬದಲಾಗಿರಲಿಲ್ಲ, ಬದಲಾದದ್ದು ಚುನಾವಣೆ. ಹೊರವಲಯದ ರಾಜಕೀಯ ಒಲವು ಎಂದು ನಾವು ಕರೆಯುವುದು ಮೂರು ಜರಡಿಗಳನ್ನು ದಾಟಿ ಉಳಿದದ್ದು: ಯಾರ ಹೆಸರು ಪಟ್ಟಿಯಲ್ಲಿದೆ, ಅವರಲ್ಲಿ ಯಾರು ಮತಗಟ್ಟೆಗೆ ಬಂದರು, ಬಂದವರು ಯಾವ ಸರ್ಕಾರಕ್ಕಾಗಿ ಗುಂಡಿ ಒತ್ತಿದರು. ಯಾರಿಗೆ ಎಷ್ಟು ಬಿತ್ತು ಎಂಬ ಪ್ರಶ್ನೆ ಇವೆಲ್ಲದರ ನಂತರದ್ದು.

ಇಲ್ಲಿ ವಾಸ ಮಾಡುವವರು ಯಾರು

ಮಹದೇವಪುರ 174ನೇ ವಿಧಾನಸಭಾ ಕ್ಷೇತ್ರ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹಳೆಯ ವರ್ತೂರು ಕ್ಷೇತ್ರ ಹೋಗಿ ಇದು ಬಂತು. ಪರಿಶಿಷ್ಟ ಜಾತಿಗೆ ಮೀಸಲು. ವೈಟ್‌ಫೀಲ್ಡ್, ಮಾರತ್ತಹಳ್ಳಿ, ವರ್ತೂರು, ಬೆಳ್ಳಂದೂರು, ಕಾಡುಗೋಡಿ ಇದರ ನಗರ ಭಾಗ. 2007ರವರೆಗೆ ಇಲ್ಲಿ ಮಹದೇವಪುರ ನಗರಸಭೆ ಇತ್ತು. ಆ ವರ್ಷ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಕಟ್ಟಿದಾಗ ಇದೂ ಅದರೊಳಗೆ ಹೋಯಿತು. ಅದರಾಚೆಗೆ ಬಿದರಹಳ್ಳಿ ಹೋಬಳಿಯ ಮಂಡೂರು, ದೊಡ್ಡಬನಹಳ್ಳಿ, ಕಣ್ಣಮಂಗಲ, ಸರ್ಜಾಪುರ ರಸ್ತೆಯ ಕಡೆ ಕೊಡತಿ, ಹಾಲನಾಯಕನಹಳ್ಳಿಯಂಥ ಗ್ರಾಮ ಪಂಚಾಯಿತಿಗಳ ಊರುಗಳಿವೆ. ಒಬ್ಬ ಶಾಸಕರ ಕೈಕೆಳಗೆ ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟೂ ಇದೆ, ರಾಗಿ ಹೊಲವೂ ಇದೆ.

ಜನರನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ನೋಡಬಹುದು. ಮೊದಲನೆಯವರು ಮೂಲ ಊರಿನವರು: ಭೂಮಿ ಇದ್ದ ರೆಡ್ಡಿ, ಒಕ್ಕಲಿಗ ಕುಟುಂಬಗಳು, ಹಳೆಯ ದಲಿತ ಕಾಲೊನಿಗಳು, ಕನ್ನಡ–ತೆಲುಗು ಎರಡನ್ನೂ ಮನೆಮಾತಿನಂತೆ ಆಡುವವರು. ಎರಡನೆಯವರು ಸೈಟು ಕೊಂಡು ಮನೆ ಕಟ್ಟಿಕೊಂಡ ಲೇಔಟ್ ಜನ. ಕಾರ್ಖಾನೆ ನೌಕರರು, ಸರ್ಕಾರಿ ನೌಕರರು, ಸಣ್ಣ ವ್ಯಾಪಾರಿಗಳು. ಮೂರನೆಯವರು 1990ರ ದಶಕದಲ್ಲಿ ವೈಟ್‌ಫೀಲ್ಡಿಗೆ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬಂದ ಮೇಲೆ ಏರತೊಡಗಿದ ಅಪಾರ್ಟ್‌ಮೆಂಟುಗಳಲ್ಲಿರುವ, ದೇಶದ ಎಲ್ಲ ಕಡೆಯಿಂದ ಬಂದ ಉದ್ಯೋಗಿಗಳು. ನಾಲ್ಕನೆಯವರು ಇವರೆಲ್ಲರ ಮನೆ ಕಟ್ಟುವ, ಕಸ ಎತ್ತುವ, ಮನೆಗೆಲಸ ಮಾಡುವ, ಗೇಟು ಕಾಯುವ ಕೂಲಿ ಜನ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು, ಆಂಧ್ರದವರು, ಉತ್ತರ ಮತ್ತು ಪೂರ್ವ ಭಾರತದವರು.

ಮತಗಟ್ಟೆಯ ಲೆಕ್ಕದಲ್ಲಿ ಈ ನಾಲ್ವರೂ ಸಮಾನರಲ್ಲ. ಮೊದಲನೆಯವರು ಬಹುತೇಕ ಪೂರ್ತಿ ಪಟ್ಟಿಯಲ್ಲಿದ್ದಾರೆ, ಮತವನ್ನೂ ಹಾಕುತ್ತಾರೆ. ನಾಲ್ಕನೆಯವರಲ್ಲಿ ಹೆಚ್ಚಿನವರ ಹೆಸರು ತವರೂರಿನ ಪಟ್ಟಿಯಲ್ಲೇ ಉಳಿದಿದೆ; ಚುನಾವಣೆಯ ಮುನ್ನಾದಿನ ಮೆಜೆಸ್ಟಿಕ್‌ನಲ್ಲಿ ಉತ್ತರ ಕರ್ನಾಟಕದ ಬಸ್ಸುಗಳು ತುಂಬುವುದು ಅದಕ್ಕೇ. ಹಾಗಾಗಿ ಮಹದೇವಪುರದಲ್ಲಿ ದುಡಿಯುವ ಜನರ ಒಲವು ಮಹದೇವಪುರದ ಫಲಿತಾಂಶದಲ್ಲಿ ಪೂರ್ತಿ ಕಾಣುವುದೇ ಇಲ್ಲ. ಅದರ ಒಂದು ಭಾಗ ಸುರಪುರದಲ್ಲೋ ಮಾನ್ವಿಯಲ್ಲೋ ಎಣಿಕೆಯಾಗಿರುತ್ತದೆ. ಕೂಲಿ ಜನ ಹೆಚ್ಚಿರುವ ವಾರ್ಡಿನ ಫಲಿತಾಂಶ ನೋಡಿ "ಇಲ್ಲಿನ ಬಡವರು ಹೀಗೆ ಯೋಚಿಸುತ್ತಾರೆ" ಎಂದು ಬರೆಯುವವರು ಈ ಒಂದು ಸಂಗತಿಯನ್ನು ಮರೆತೇ ಬರೆಯುತ್ತಾರೆ.

ಅಂಕಿ ಹೇಳುವುದೇನು

ಬಿಜೆಪಿಯ ಅರವಿಂದ ಲಿಂಬಾವಳಿ 2008ರಲ್ಲಿ 76,376 ಮತ ಪಡೆದು 13,358ರ ಅಂತರದಲ್ಲಿ ಗೆದ್ದರು. 2013ರಲ್ಲಿ ಅವರ ಮತ 1,10,244ಕ್ಕೆ ಏರಿತು, ಆದರೆ ಅಂತರ 6,149ಕ್ಕೆ ಕುಸಿಯಿತು, ಕಾಂಗ್ರೆಸ್ಸಿನ ಎ.ಸಿ. ಶ್ರೀನಿವಾಸ ಇನ್ನೇನು ಗೆದ್ದೇಬಿಡುತ್ತಿದ್ದರು. 2018ರಲ್ಲಿ ಅದೇ ಇಬ್ಬರ ನಡುವೆ ಅಂತರ 17,784. 2023ರಲ್ಲಿ ಲಿಂಬಾವಳಿಯವರ ಪತ್ನಿ ಮಂಜುಳಾ ಅವರು ಹಿಂದೆ ಮುಳಬಾಗಿಲಿನ ಶಾಸಕರಾಗಿದ್ದ ಎಚ್. ನಾಗೇಶ್ ಅವರನ್ನು 44,501 ಮತಗಳಿಂದ ಸೋಲಿಸಿದರು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. 2008ರಿಂದ 2023ರ ನಡುವೆ ಬಿಜೆಪಿ ಮತ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚಾಯಿತು, ನಿಜ. ಆದರೆ ಕಾಂಗ್ರೆಸ್ ಮತವೂ 63,018ರಿಂದ 1,37,230ಕ್ಕೆ, ಅಂದರೆ ಎರಡು ಪಟ್ಟಿಗಿಂತ ಹೆಚ್ಚು ಬೆಳೆಯಿತು. ಹೊಸದಾಗಿ ಬಂದವರೆಲ್ಲ ಒಂದೇ ಕಡೆ ಹೋದರು ಎಂಬ ಮಾತು ಈ ಲೆಕ್ಕದ ಎದುರು ನಿಲ್ಲುವುದಿಲ್ಲ. ಎರಡು ಪಕ್ಷಗಳ ಮತವನ್ನಷ್ಟೇ ಕೂಡಿಸಿ ಪಾಲು ತೆಗೆದರೆ ಬಿಜೆಪಿಗೆ 2008ರಲ್ಲಿ ಶೇ. 55ರ ಆಸುಪಾಸು, 2013ರಲ್ಲಿ 51, 2018ರಲ್ಲಿ 53, 2023ರಲ್ಲಿ 57 ಬರುತ್ತದೆ. ವಿಧಾನಸಭೆಯ ಮಟ್ಟಿಗೆ ಇದು ವಾಲಿದ ಕ್ಷೇತ್ರ ಹೌದು, ಏಕಪಕ್ಷೀಯ ಕ್ಷೇತ್ರ ಅಲ್ಲ. ಅದೇ ಲೆಕ್ಕ 2024ರ ಲೋಕಸಭೆಗೆ ಹಾಕಿದರೆ ಪಾಲು ಶೇ. 66 ದಾಟುತ್ತದೆ. ಅಲ್ಲಿ ಮಾತ್ರ ಕೋಟೆ ಎನ್ನಬಹುದು.

ಇನ್ನೊಂದು ಸಂಗತಿ 2023ರದ್ದು. ಆ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತ್ತು, ಬಿಜೆಪಿ 66ಕ್ಕೆ ಇಳಿದಿತ್ತು. ಅದಕ್ಕೂ ಎಂಟು ತಿಂಗಳು ಮೊದಲು, 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ ಜನ ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಬಂದಿದ್ದರು. ಅಧಿಕಾರದಲ್ಲಿದ್ದದ್ದು ಬಿಜೆಪಿ ಸರ್ಕಾರ. ಆದರೂ ಬಿಜೆಪಿಯ ಅಂತರ ಏರಿತು. ಕೋಪ ಇರಲಿಲ್ಲವೆಂದಲ್ಲ. ಮಳೆನೀರು ಹರಿಯುವ ರಾಜಕಾಲುವೆಗಳ ಒತ್ತುವರಿಗೆ ಕಳೆದ ಮೂವತ್ತು ವರ್ಷದ ಎಲ್ಲ ಪಕ್ಷಗಳೂ ಹೊಣೆ ಎಂದು ಕಂಡಾಗ, ಆ ಕೋಪ ಎದುರು ಪಕ್ಷದ ಮತವಾಗಿ ಮಾರ್ಪಡುವುದಿಲ್ಲ. ಬಹಳ ಸಲ ಅದು ಮನೆಯಲ್ಲೇ ಕುಳಿತುಬಿಡುತ್ತದೆ.

ದಿಲ್ಲಿಗೊಂದು, ವಿಧಾನಸೌಧಕ್ಕೊಂದು ಮತ ಹಾಕುವುದು ಮಹದೇವಪುರಕ್ಕಷ್ಟೇ ಸೀಮಿತವಲ್ಲ. ನಗರದ ಉತ್ತರ ಅಂಚಿನ ಬ್ಯಾಟರಾಯನಪುರದಲ್ಲಿ ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡರು 2008ರಿಂದ 2023ರವರೆಗೆ ನಾಲ್ಕು ಬಾರಿಯೂ ಗೆದ್ದಿದ್ದಾರೆ. ಅದೇ ಗೌಡರು 2019ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ನಿಂತಾಗ 1,47,518 ಮತಗಳಿಂದ ಸೋತರು. ಬೆಂಗಳೂರು ಗ್ರಾಮಾಂತರದಲ್ಲಿ 2024ರಲ್ಲಿ ಡಾ. ಸಿ.ಎನ್. ಮಂಜುನಾಥ್ ಅವರು ಡಿ.ಕೆ. ಸುರೇಶ್ ವಿರುದ್ಧ 2,69,647ರ ಅಂತರ ಕಂಡದ್ದರಲ್ಲಿ ನಗರಕ್ಕೆ ಅಂಟಿಕೊಂಡ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ ವಿಧಾನಸಭಾ ಭಾಗಗಳ ಪಾಲು ದೊಡ್ಡದು. ಕನಕಪುರದಲ್ಲಿ ಸುರೇಶ್ ಅವರೇ ಮುಂದಿದ್ದರು.

ಪಕ್ಷಕ್ಕಿಂತ "ನಮ್ಮಂಥ" ಅಭ್ಯರ್ಥಿ ಮುಖ್ಯ ಎಂಬ ನಂಬಿಕೆಯೂ ಇಲ್ಲಿ ಪರೀಕ್ಷೆಗೆ ಒಳಗಾಗಿದೆ. ಇನ್ಫೋಸಿಸ್‌ನಲ್ಲಿ ಹಿರಿಯ ಹುದ್ದೆಯಲ್ಲಿದ್ದ ವಿ. ಬಾಲಕೃಷ್ಣನ್ 2014ರಲ್ಲಿ ಆಮ್ ಆದ್ಮಿ ಪಕ್ಷದಿಂದ ಬೆಂಗಳೂರು ಕೇಂದ್ರದಲ್ಲಿ ನಿಂತು ಸುಮಾರು 40 ಸಾವಿರ ಮತ ಪಡೆದರು. 2019ರಲ್ಲಿ ಪಕ್ಷೇತರರಾಗಿ ನಿಂತ ನಟ ಪ್ರಕಾಶ್ ರಾಜ್‌ಗೆ ಸಿಕ್ಕದ್ದು 29 ಸಾವಿರದೊಳಗೆ.

ಮೀಸಲು ಕ್ಷೇತ್ರವಾದದ್ದರ ಪರಿಣಾಮವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಊರಿನಲ್ಲಿ ಭೂಮಿ, ಹಣ, ಜನಬಲ ಇರುವ ಕುಟುಂಬಗಳಿಗೆ ಶಾಸಕ ಸ್ಥಾನಕ್ಕೆ ನಿಲ್ಲುವ ದಾರಿ ಇಲ್ಲ. ಹಾಗಾಗಿ ಅವರ ಪೈಪೋಟಿ ಪಂಚಾಯಿತಿ, ವಾರ್ಡು, ಹಾಲಿನ ಸೊಸೈಟಿಗಳಲ್ಲಿ ನಡೆಯುತ್ತದೆ. ಅಲ್ಲಿ ಗೆದ್ದವರು ವಿಧಾನಸಭೆಯಲ್ಲಿ ಯಾರ ಬೆನ್ನಿಗೆ ನಿಲ್ಲುತ್ತಾರೆ ಎಂಬುದರ ಮೇಲೆ ಹಳ್ಳಿ ಬೂತುಗಳ ಲೆಕ್ಕ ತಿರುಗುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲದ ಕಾರಣ ಈ ಒಳಲೆಕ್ಕ ಹೊರಗಿನವರಿಗೆ ಕಾಣುವುದಿಲ್ಲ.

ಶೇ. 54ರ ಗುಟ್ಟು

2024ರಲ್ಲಿ ಬೆಂಗಳೂರು ಕೇಂದ್ರದ ಮತದಾನ ಶೇ. 54.06, ದಕ್ಷಿಣದ್ದು 53.17, ಉತ್ತರದ್ದು 54.45. ಇಡೀ ರಾಜ್ಯದ ಸರಾಸರಿ 70 ದಾಟಿತ್ತು. ಪ್ರತಿ ಸಲವೂ "ರಜೆ ಸಿಕ್ಕಿತೆಂದು ಕೂರ್ಗಿಗೆ ಹೋದರು" ಎಂದು ಅಪಾರ್ಟ್‌ಮೆಂಟ್ ಜನರನ್ನು ಬೈಯುವುದು ರೂಢಿಯಾಗಿದೆ. 2019ರ ಮತದಾನ ಗುರುವಾರ, ಮರುದಿನ ಗುಡ್ ಫ್ರೈಡೇ. 2024ರದ್ದು ಶುಕ್ರವಾರ. 2023ರ ವಿಧಾನಸಭೆಗೆ ಚುನಾವಣಾ ಆಯೋಗ ಬೇಕೆಂದೇ ಬುಧವಾರ ಆರಿಸಿತು. ಮೂರು ಸಲವೂ ನಗರ ನಿಂತದ್ದು ಹೆಚ್ಚುಕಡಿಮೆ ಅದೇ 54ರ ಸುತ್ತ. ವಾರವೇ ಕಾರಣವಾಗಿದ್ದರೆ ಬುಧವಾರ ಒಂದಷ್ಟಾದರೂ ಏರಬೇಕಿತ್ತು.

ದೊಡ್ಡ ಕಾರಣ ಪಟ್ಟಿಯಲ್ಲಿದೆ. ಮತದಾನದ ಶೇಕಡಾವಾರು ತೆಗೆಯುವುದು ಬಿದ್ದ ಮತವನ್ನು ಪಟ್ಟಿಯ ಹೆಸರುಗಳಿಂದ ಭಾಗಿಸಿ. ಒಂದು ಬೂತಿನ ಪಟ್ಟಿಯಲ್ಲಿ 1,400 ಹೆಸರಿದೆ, 630 ಮತ ಬಿತ್ತು ಎಂದುಕೊಳ್ಳಿ. ಶೇ. 45. ಅದೇ ಪಟ್ಟಿಯಲ್ಲಿ 350 ಮಂದಿ ಮನೆ ಖಾಲಿ ಮಾಡಿ ಹೋದವರು, ತೀರಿಕೊಂಡವರು, ಎರಡು ಕಡೆ ಹೆಸರಿರುವವರು ಆಗಿದ್ದರೆ ನಿಜವಾಗಿ ಅಲ್ಲಿರುವ ಮತದಾರರು 1,050. ಮತದಾನ ಶೇ. 60. ಜನ ಅವರೇ, ಮತ ಅಷ್ಟೇ. ಭಾಜಕ ಬದಲಾದದ್ದಕ್ಕೆ ಹದಿನೈದು ಅಂಶ ವ್ಯತ್ಯಾಸ. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಜನ ಬಂದು ಹೋಗುವ ಪ್ರದೇಶದಲ್ಲಿ ಈ ಉಬ್ಬರ ಹಳೆಯ ಬಸವನಗುಡಿಗಿಂತ ಬಹಳ ಹೆಚ್ಚಿರುತ್ತದೆ. ಮಹದೇವಪುರದ ಮತದಾರರ ಸಂಖ್ಯೆ 2008ರಲ್ಲಿ ಸುಮಾರು 2.75 ಲಕ್ಷ ಇದ್ದದ್ದು 2024ಕ್ಕೆ ಆರೂವರೆ ಲಕ್ಷ ಮೀರಿದೆ. ಇಷ್ಟು ವೇಗವಾಗಿ ಹೆಸರು ಸೇರುವ ಕಡೆ, ಹೋದವರ ಹೆಸರು ತೆಗೆಯುವ ಕೆಲಸ ಅದೇ ವೇಗದಲ್ಲಿ ನಡೆಯುವುದಿಲ್ಲ.

ತಪ್ಪು ಹುಟ್ಟುವ ಜಾಗವನ್ನು ಹತ್ತಿರದಿಂದ ನೋಡಿ. ಬಿಟಿಎಂ ಲೇಔಟಿನಲ್ಲಿ ಹೆಸರಿದ್ದ ಬಾಡಿಗೆದಾರರು ವರ್ತೂರಿಗೆ ಮನೆ ಬದಲಿಸುತ್ತಾರೆ. ಅವರು ತುಂಬಬೇಕಾದದ್ದು ಫಾರ್ಮ್ 8. 2022ರ ಆಗಸ್ಟ್‌ನಿಂದ ಕ್ಷೇತ್ರದೊಳಗಿನ ಬದಲಾವಣೆಗೂ ಬೇರೆ ಕ್ಷೇತ್ರಕ್ಕೆ ಹೋಗುವುದಕ್ಕೂ ಇದೊಂದೇ ಫಾರ್ಮ್. ಅದನ್ನು ಬಿಟ್ಟು ಮೊದಲ ಬಾರಿಯ ಮತದಾರರಿಗಿರುವ ಫಾರ್ಮ್ 6 ತುಂಬುತ್ತಾರೆ. ಹೊಸ ಹೆಸರು ಸೇರುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಮುಂದಿನ ಮನೆಗೆ ಹೋದಾಗ ಇನ್ನೊಮ್ಮೆ ಹೀಗೇ ಆಗುತ್ತದೆ. ಪಿ.ಜಿ.ಗಳ ವಿಳಾಸದಲ್ಲಿ ಹತ್ತಾರು ಹೆಸರು ಕೂಡಿಕೊಳ್ಳುವುದು, ಬಾಗಿಲು ಸಂಖ್ಯೆಯೇ ಇಲ್ಲದ ರೆವಿನ್ಯೂ ಬಡಾವಣೆಯಲ್ಲಿ (ಕೃಷಿ ಭೂಮಿಯನ್ನು ಅನುಮೋದನೆ ಇಲ್ಲದೆ ಸೈಟು ಮಾಡಿದ ಕಡೆ) ಮನೆ ಸಂಖ್ಯೆ ಸೊನ್ನೆ ಎಂದು ದಾಖಲಾಗುವುದು ಇದರ ಜೊತೆಗಿನ ತೊಂದರೆಗಳು. ಪಟ್ಟಿ ಪರಿಶೀಲಿಸುವ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಆಗಿ ಬರುವವರು ಬಹಳ ಕಡೆ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು. ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಅವರನ್ನು ತಡೆದು ಕಳಿಸಿದರೆ ಮನೆಮನೆ ಪರಿಶೀಲನೆ ಕಾಗದದ ಮೇಲಷ್ಟೇ ನಡೆಯುತ್ತದೆ. ನಿವಾಸಿಗಳ ಸಂಘ ಒಂದು ದಿನ ಗೊತ್ತುಮಾಡಿ, ಕೆಳಗಿನ ಸಭಾಂಗಣದಲ್ಲಿ ಮೇಜು ಹಾಕಿಕೊಟ್ಟ ಕಡೆ ಪಟ್ಟಿ ಚೊಕ್ಕಟವಾಗಿದೆ.

ಈ ಪಟ್ಟಿಯೇ ರಾಷ್ಟ್ರಮಟ್ಟದ ವಿವಾದವೂ ಆಯಿತು. 2022ರ ನವೆಂಬರ್‌ನಲ್ಲಿ ಮತದಾರರ ಮಾಹಿತಿ ಸಂಗ್ರಹದ ಹಗರಣ ಹೊರಬಿದ್ದಾಗ ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳ ಮರುಪರಿಶೀಲನೆಗೆ ಆದೇಶಿಸಿತು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಹದೇವಪುರದಲ್ಲಿ 1,00,250 ಮತಗಳ ಕಳವಾಗಿದೆ ಎಂದು ಆರೋಪಿಸಿದರು. ಇಮ್ಮಡಿ ಹೆಸರು, ನಕಲಿ ವಿಳಾಸ, ಒಂದೇ ವಿಳಾಸದಲ್ಲಿ ಗುಂಪು ಹೆಸರು, ಸರಿಯಿಲ್ಲದ ಫೋಟೊ, ಫಾರ್ಮ್ 6ರ ದುರ್ಬಳಕೆ ಎಂದು ಐದು ಬಗೆ ಹೇಳಿದರು. ಆಯೋಗ ಆರೋಪವನ್ನು ತಳ್ಳಿಹಾಕಿ, ಪ್ರಮಾಣಪೂರ್ವಕ ಹೇಳಿಕೆ ಸಲ್ಲಿಸಿ ಎಂದಿತು. ಪಟ್ಟಿಯಲ್ಲಿ ದೋಷ ಇದೆ ಎಂಬುದೂ, ಆ ದೋಷದ ಹೆಸರಿನಲ್ಲಿ ಮತ ಬಿದ್ದಿದೆ ಎಂಬುದೂ, ಅದು ಇಂಥವರಿಗೇ ಬಿದ್ದಿದೆ ಎಂಬುದೂ ಮೂರು ಬೇರೆ ಬೇರೆ ಮಾತು. ಮೊದಲನೆಯದನ್ನು ಪಟ್ಟಿ ನೋಡಿ ಹೇಳಬಹುದು. ಎರಡನೆಯದಕ್ಕೆ ಮತಗಟ್ಟೆಯಲ್ಲಿ ಸಹಿ ಹಾಕಿಸಿಕೊಳ್ಳುವ ಫಾರ್ಮ್ 17ಎ ಪುಸ್ತಕ ಬೇಕು. ಅದು ನ್ಯಾಯಾಲಯದ ಆದೇಶವಿಲ್ಲದೆ ತೆರೆಯುವಂಥದ್ದಲ್ಲ. ಮೂರನೆಯದನ್ನು ಗುಪ್ತ ಮತದಾನದಲ್ಲಿ ಯಾವ ದಾಖಲೆಯೂ ಹೇಳಲಾರದು. ಪಟ್ಟಿ ಚೊಕ್ಕಟವಾಗಬೇಕೆಂಬ ಬೇಡಿಕೆ ಯಾವ ಪಕ್ಷದವರಿಗೂ ಸೇರಿದ್ದಲ್ಲ, ಮತ ಹಾಕುವ ಪ್ರತಿಯೊಬ್ಬರದು.

ನಿಮ್ಮ ಬಡಾವಣೆಯ ಲೆಕ್ಕ ನೀವೇ ತೆಗೆಯಲು

ಬೇಕಾದ ಕಾಗದ ಮೂರು: ಬೂತುವಾರು ಫಲಿತಾಂಶದ ಫಾರ್ಮ್ 20, ಮತಗಟ್ಟೆಗಳ ಪಟ್ಟಿ, ಭಾಗವಾರು (ಬೂತಿಗೊಂದರಂತೆ ಇರುವ) ಮತದಾರರ ಪಟ್ಟಿ. ಮೂರೂ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತವೆ. ಫಾರ್ಮ್ 20ರಲ್ಲಿ ಬೂತಿನ ಸಂಖ್ಯೆ ಮಾತ್ರ ಇರುತ್ತದೆ, ಹೆಸರಿರುವುದಿಲ್ಲ; ಅದಕ್ಕೇ ಎರಡನೆಯ ಕಾಗದ. ಲೋಕಸಭೆಯ ಫಾರ್ಮ್ 20 ವಿಧಾನಸಭಾ ಭಾಗವಾರು ಬೇರೆಬೇರೆ ಕಡತಗಳಲ್ಲಿರುತ್ತದೆ. ಹಲವು ಕಡತ ಸ್ಕ್ಯಾನ್ ಮಾಡಿದ ಚಿತ್ರಗಳು, ಅಂಕಿಯನ್ನು ಕೈಯಾರೆ ತುಂಬಿಕೊಳ್ಳಬೇಕು. ತುಂಬಿದ ಮೇಲೆ ಪ್ರತಿ ಸಾಲಿನ ಮೊತ್ತ ಹಾಳೆಯ ಮೊತ್ತಕ್ಕೆ ತಾಳೆಯಾಗುತ್ತದೆಯೇ ನೋಡಿ. ಒಂದು 3 ಒಂದು 8 ಆಗಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಬಹುತೇಕರು ಎಡವುವುದು ಬೂತಿನ ಸಂಖ್ಯೆಯಲ್ಲಿ. 2018ರ 120ನೇ ಬೂತೂ 2023ರ 120ನೇ ಬೂತೂ ಒಂದೇ ಆಗಿರಬೇಕಿಲ್ಲ. ಮತದಾರರು ಮಿತಿ ಮೀರಿದಾಗ ಬೂತು ಒಡೆಯುತ್ತಾರೆ. ಈ ಮಿತಿ 1,500 ಇತ್ತು, 2025ರಲ್ಲಿ 1,200ಕ್ಕೆ ಇಳಿಸಲಾಗಿದೆ. ಒಂದು ಒಡೆದರೆ ಮುಂದಿನ ಸಂಖ್ಯೆಗಳೆಲ್ಲ ಜರುಗುತ್ತವೆ. ಆದ್ದರಿಂದ ಶಾಲೆಯ ಹೆಸರು, ಕೊಠಡಿ, ಭಾಗದ ಗಡಿ ನೋಡಿ ಹೊಂದಿಸಬೇಕು. ಒಂದೇ ಶಾಲೆಯ ಐದು ಬೂತುಗಳನ್ನು ಒಟ್ಟು ಹಾಕಿ ಹೋಲಿಸುವುದು ಇನ್ನೂ ಸುರಕ್ಷಿತ. ಒಟ್ಟು ಹಾಕುವಾಗ ಮತಗಳನ್ನು ಕೂಡಿಸಿ, ಶೇಕಡಾವಾರುಗಳ ಸರಾಸರಿ ತೆಗೆಯಬೇಡಿ. 200 ಮತದ ಬೂತಿಗೂ 900 ಮತದ ಬೂತಿಗೂ ಒಂದೇ ತೂಕ ಕೊಟ್ಟಂತಾಗುತ್ತದೆ.

ಆಮೇಲೆ ಮತದಾರರ ಪಟ್ಟಿಯಲ್ಲಿ ಮನೆ ಸಂಖ್ಯೆಗಳ ಮೇಲೆ ಕಣ್ಣಾಡಿಸಿ. ಬ್ಲಾಕಿನ ಅಕ್ಷರ, ನಾಲ್ಕಂಕಿಯ ಫ್ಲಾಟ್ ಸಂಖ್ಯೆ ತುಂಬಿದ್ದರೆ ಅದು ಅಪಾರ್ಟ್‌ಮೆಂಟ್ ಭಾಗ. ಒಂದೇ ಮನೆಯಲ್ಲಿ ಮೂರು ತಲೆಮಾರಿನ ಹೆಸರಿದ್ದರೆ ಹಳೆಯ ಊರು. ಹೀಗೆ ಬಗೆ ಮಾಡಿ, ಪ್ರತಿ ಗುಂಪಿಗೂ ಮತದಾನ ಎಷ್ಟು, ವಿಧಾನಸಭೆಗೂ ಲೋಕಸಭೆಗೂ ಪಕ್ಷದ ಪಾಲು ಎಷ್ಟು ಜರುಗಿತು ಎಂದು ಬರೆದುಕೊಳ್ಳಿ. ಆ ಜರುಗುವಿಕೆಯೇ ಈ ಕೆಲಸದಲ್ಲಿ ಸಿಗುವ ಅತ್ಯಂತ ಉಪಯುಕ್ತ ಅಂಕಿ. ಹೆಸರು ನೋಡಿ ಜಾತಿ, ಧರ್ಮ ಊಹಿಸಿ ಇಂಥವರು ಇಂಥವರಿಗೆ ಹಾಕಿದರು ಎನ್ನುವ ಹಂತಕ್ಕೆ ಮಾತ್ರ ಹೋಗಬೇಡಿ. ಬೂತಿನ ಮೊತ್ತ ಗುಂಪಿನದು, ವ್ಯಕ್ತಿಯದಲ್ಲ. ಒಂದು ಬೂತಿನಲ್ಲಿ ಅರ್ಧ ಅಪಾರ್ಟ್‌ಮೆಂಟ್, ಅರ್ಧ ಊರು ಇದ್ದು ಮತ ಅರ್ಧರ್ಧ ಹಂಚಿಹೋಗಿದ್ದರೆ, ಒಂದೊಂದು ಅರ್ಧ ಒಂದೊಂದು ಪಕ್ಷಕ್ಕೆ ಹೋಯಿತೋ ಎರಡೂ ಕಡೆ ಸಮ ಒಡೆಯಿತೋ ಫಾರ್ಮ್ 20ರಿಂದ ತಿಳಿಯುವುದೇ ಇಲ್ಲ.

ವಾರ್ಡಿನ ಮಟ್ಟಕ್ಕೆ ಇಳಿದಾಗ

ಹೊರವಲಯದವರ ದಿನನಿತ್ಯದ ಕೊರಗುಗಳು ಎಲ್ಲರಿಗೂ ಗೊತ್ತಿರುವವೇ. ರೆವಿನ್ಯೂ ಸೈಟಿಗೆ ಪೂರ್ಣ ಮಾನ್ಯತೆ ಇಲ್ಲದ ಬಿ ಖಾತಾ, ಪಂಚಾಯಿತಿ ಕಡೆ ಆಸ್ತಿಯ ಇ-ಸ್ವತ್ತು ದಾಖಲೆ, ಬೇಸಿಗೆಯ ಟ್ಯಾಂಕರ್, ವರ್ತೂರು–ಬೆಳ್ಳಂದೂರು ಕೆರೆಗಳ ಕೊಳಚೆ, ರಸ್ತೆ. ನಿಯಮ ಮೀರಿದ ಕಟ್ಟಡ, ಸೈಟುಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಖಾತೆಯ ಪ್ರಶ್ನೆ ವರ್ಷಗಟ್ಟಲೆ ನೇತಾಡಿತು. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಹೊರಟ ಕಾವೇರಿ ಕುಡಿಯುವ ನೀರಿನ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಇವುಗಳಲ್ಲಿ ಬಹುಪಾಲು ಸಂಸದರ ಕೆಲಸವಲ್ಲ, ಪಾಲಿಕೆ ಸದಸ್ಯರದು ಮತ್ತು ಶಾಸಕರದು. ಆದರೆ ಜನ ಅತಿ ಹೆಚ್ಚು ಏಕಮುಖವಾಗಿ ಮತ ಹಾಕುವುದು ಸಂಸದರ ಚುನಾವಣೆಯಲ್ಲಿ. ಪಾಲಿಕೆ ಚುನಾವಣೆಯೋ 2015ರ ನಂತರ ನಡೆಯದೆ, 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಗರ ನಡೆಯಿತು. ಮೋರಿ ಕಟ್ಟಿದ್ದಕ್ಕೆ ಮತದ ಮೂಲಕ ಉತ್ತರ ಕೇಳುವ ಅವಕಾಶವೇ ಒಂದು ತಲೆಮಾರಿನ ಹೊಸ ನಿವಾಸಿಗಳಿಗೆ ಸಿಗಲಿಲ್ಲ. ಇವರಿಗೆ ಸ್ಥಳೀಯ ರಾಜಕೀಯದಲ್ಲಿ ಆಸಕ್ತಿ ಇಲ್ಲ ಎಂದು ದೂರುವ ಮೊದಲು ಇದನ್ನು ನೆನೆಯಬೇಕು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದವು. ಕೆ.ಆರ್. ಪುರವೂ ಮಹದೇವಪುರದ ನಗರ ಭಾಗದ ಬಹುಪಾಲೂ ಬೆಂಗಳೂರು ಪೂರ್ವದಲ್ಲಿವೆ; ಅದಕ್ಕೆ 50 ವಾರ್ಡು. ಇಷ್ಟು ಸಣ್ಣ ವಾರ್ಡಿನಲ್ಲಿ ಕೆಲವು ನೂರು ಮತ ಫಲಿತಾಂಶ ತಿರುಗಿಸಬಲ್ಲವು, ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಅಷ್ಟು ಮತ ಇದ್ದೇ ಇರುತ್ತವೆ. ಲೋಕಸಭೆಯ ಒಂದು ಲಕ್ಷದ ಅಂತರವನ್ನು ಐವತ್ತಕ್ಕೆ ಭಾಗಿಸಿ ವಾರ್ಡು ಯಾರದೆಂದು ಹೇಳುವುದು ಶುದ್ಧ ತಪ್ಪು. 2023ರ ವಿಧಾನಸಭೆಯ ಬೂತು ಲೆಕ್ಕ ಇದಕ್ಕೆ ಹೆಚ್ಚು ಹತ್ತಿರ, ಅದರಲ್ಲೂ ಮತದಾನ ಇನ್ನಷ್ಟು ಇಳಿಯುವುದನ್ನು ಕಳೆದು ನೋಡಬೇಕು. ಪಾಲಿಕೆ ಚುನಾವಣೆಯಲ್ಲಿ ಅರ್ಧ ನಗರವೂ ಮತ ಹಾಕಿದ್ದಿಲ್ಲ.

ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದು ವಿಧಾನಸಭೆಯ ಪಟ್ಟಿಯನ್ನೇ ತಳಹದಿಯಾಗಿ ಇಟ್ಟುಕೊಂಡು ವಾರ್ಡುವಾರು ಒಡೆಯುತ್ತದೆ. ವಾರ್ಡಿನ ಗಡಿ ರಸ್ತೆಯ ನಡುವೆ ಹಾದುಹೋಗುವ ಕಡೆ ಎಡಬದಿಯ ಮನೆಗಳ ಹೆಸರು ಬಲಬದಿಯ ವಾರ್ಡಿಗೆ ಬಿದ್ದಿರುವುದು ಹೊಸದೇನಲ್ಲ. ಮತದಾರರ ಗುರುತಿನ ಚೀಟಿ ಕೈಯಲ್ಲಿದೆ ಎಂದರೆ ಹೆಸರು ನಿಮ್ಮ ವಾರ್ಡಿನ ಪಟ್ಟಿಯಲ್ಲಿದೆ ಎಂದರ್ಥವಲ್ಲ. ಕರಡು ಪಟ್ಟಿ ಪ್ರಕಟವಾದ ಕೂಡಲೇ ಮನೆಯವರೆಲ್ಲರ ಹೆಸರು, ಭಾಗ ಸಂಖ್ಯೆ, ಮತಗಟ್ಟೆ ಯಾವ ಶಾಲೆಯಲ್ಲಿದೆ ಎಂಬುದನ್ನು ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯೊಳಗೇ ಅರ್ಜಿ ಕೊಟ್ಟು ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಮತದಾನದ ದಿನ ಬೂತಿನಲ್ಲಿ ಎಷ್ಟು ವಾದಿಸಿದರೂ ಮತಗಟ್ಟೆ ಅಧಿಕಾರಿಗೆ ಹೆಸರು ಸೇರಿಸುವ ಅಧಿಕಾರ ಇಲ್ಲ.